ಅತ್ತೆಯ ಮುಂದಿನ ಹಲ್ಲು

ಬಿಳಿ ಗೆರೆ ಎಲ್ಲಿ, ಇಲ್ಲೇ ಇರಬೇಕಿತ್ತಲ್ಲ, ಹಲ್ಲಿನ ಮುಂದೆ ಮೂಳೆ ಅಂದರೆ ಸ್ಕ್ರೀನಿನಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ, ಗೆರೆನೇ ಇಲ್ಲ, ಕಪ್ಪಿನಲ್ಲಿ ಒಂಟಿ ಹಲ್ಲು — ಅಯ್ಯೋ ದೇವರೇ, ಇದು ಅತ್ತೆ ಬಾಯಿ, ಬೇರೆ ಯಾರದ್ದೋ ತೆಗೆದು ಕೂತಿದ್ದೀನಾ, ಇಲ್ಲ, ಈಗ ತಾನೇ ನಾನೇ ಸ್ಕ್ಯಾನ್ ಮಾಡಿದ್ದು, ಹೊಸ ಮಿಷನ್ನಿಗೆ ಗಟ್ಟಿಮುಟ್ಟಾದ ಒಂದು ಬಾಯಿ ಬೇಕು, ಅದನ್ನ ಪಕ್ಕದಲ್ಲಿಟ್ಟುಕೊಂಡು ಮಿಕ್ಕವರದ್ದು ಅಳೀಬೇಕು ಅಂದರು ಡಾಕ್ಟ್ರು, ಇದ್ದಾರಲ್ಲ ಸಾರ್ ನಮ್ಮತ್ತೆ ಅಂತ ಹಲ್ಲು ಕಿರಿದವಳು ನಾನೇ, ಈ ವಯಸ್ಸಲ್ಲೂ ಸೋಡಾ ಬಾಟಲಿ ಮುಚ್ಚಳ ಬಾಯಲ್ಲೇ ತೆಗೆಯೋರು, ಮೊಣಕಾಲು ಹೋಯ್ತು, ಕಣ್ಣು ಮಂಜಾಯ್ತು, ಹಲ್ಲೊಂದು ನಂದೇ ಕಣೆ, ನನ್ನಂಥೋರೇ ಎಲ್ಲ ಇದ್ದಿದ್ರೆ ನಿಮ್ಮ ಡಾಕ್ಟ್ರು ಅಂಗಡಿ ಮುಚ್ಚಬೇಕಿತ್ತು, ಅಂತ ಹೇಳ್ತಾನೇ ಬಂದು ಕೂತರು, ತುಟಿ ಅಗಲಿಸೋ ಪ್ಲಾಸ್ಟಿಕ್ ಬಳೆ ಬಾಯಿಗೆ ಹಾಕಿದ ಮೇಲೇ ಮಾತು ನಿಂತಿದ್ದು, ನಾನು ಸೊಸೆಯಾಗಿ ಬಂದಮೇಲೆ ಇದೇ ಮೊದಲು, ನಗು ಬಂತು ಆಗ. ತುಟಿ ಒಸಡಿಗೆ ತಾಗಿದರೆ ಚಿತ್ರದಲ್ಲಿ ಎರಡೂ ಒಂದೇ ಮುದ್ದೆ, ಒಸಡು ಎಷ್ಟು ದಪ್ಪ ಅಂತ ಗೊತ್ತಾಗಲ್ಲ, ಅದಕ್ಕೇ ಆ ಬಳೆ — ತಾಗಿಲ್ಲ, ನಡುವೆ ಗಾಳಿ ಕಪ್ಪಗೆ ಕಾಣ್ತಿದೆ, ಮತ್ತೆ ಅಳೆದೆ, ಒಸಡು ಅರ್ಧ ಮಿಲಿಮೀಟರ್, ಮೂಳೆ ಮುಂದಿಲ್ಲ, ಹಿಂದಿಲ್ಲ, ಪಕ್ಕದಲ್ಲೂ ಇಲ್ಲ, ಬೇರಿನ ತುದಿಗೆ ಒಂದು ಚೂರು, ಅಷ್ಟೇ, ಬರೀ ಒಸಡು ಹಿಡಿದುಕೊಂಡು ನಿಂತಿದೆ ಈ ಹಲ್ಲು, ಮೊನ್ನೆ ಹಲ್ಲು ಕಚಗುಳಿ ಇಡುತ್ತೆ ಕಣೆ ಅಂದಾಗ ತಮಾಷೆ ಅಂದುಕೊಂಡೆನಲ್ಲ, ಯಾವ ಬಾಯಲ್ಲಿ ಹೇಳಲಿ ಇವರಿಗೆ.

ಗಾಜಿನಾಚೆ, ಹೊರಗಿನ ಬೆಂಚಲ್ಲಿ ಅತ್ತೆ, ಸುತ್ತ ಕೆನ್ನೆ ಹಿಡಿದು ಕೂತ ಜನ, ಏನೋ ಕೊಚ್ಚಿಕೊಳ್ತಿದ್ದಾರೆ, ಚೀಲಕ್ಕೆ ಕೈ ಹಾಕಿದರು, ಸೇಬು, ತೋಳಿಗೆ ಒರೆಸಿದರು, ಎತ್ತಿ ಎಲ್ಲರಿಗೂ ತೋರಿಸ್ತಿದ್ದಾರೆ — ಬೇಡ ಅತ್ತೆ, ಅತ್ತೇ, ಎಕ್ಸ್‌ರೇ ತಡೆಯೋ ದಪ್ಪ ಸೀಸದ ಗಾಜು, ಇಲ್ಲಿಂದ ಎಷ್ಟು ಕೂಗಿದರೂ ಅಲ್ಲಿಗೆ ಕೇಳಲ್ಲ, ಬಡಿದೆ, ತಿರುಗಿದರು, ಬೇಡ ಬೇಡ ಅಂತ ಎರಡೂ ಕೈ ಆಡಿಸಿದೆ, ನೋಡಿ ನಮ್ಮ ಸೊಸೆ ಅಂತ ಪಕ್ಕದವರಿಗೆ ತೋರಿಸಿದರು, ನನಗೂ ಕೈ ಬೀಸಿದರು, ಬಾಯಿ ತೆರೆದರು, ಬಾಗಿಲು, ಬಾಗಿಲು ಯಾಕೆ ಬರ್ತಿಲ್ಲ, ಎಳಿಯೋದೋ ತಳ್ಳೋದೋ, ದಿನಾ ತೆಗೆಯೋ ಬಾಗಿಲು — ಸೇಬು ಕೆಳಗಿಳಿಯಿತು, ಅತ್ತೆ ಇನ್ನೂ ನಗ್ತಾನೇ ಇದ್ದಾರೆ, ಸುತ್ತ ಯಾರೂ ನಗ್ತಿಲ್ಲ, ಕಚ್ಚಿದ ಕಡೆ ಬೆಳ್ಳಗೆ, ಆ ಬಿಳಿಯಲ್ಲಿ ಒಂಟಿ ಹಲ್ಲು, ಸೇಬಿನಲ್ಲಿ, ಒಂಟಿ ಹಲ್ಲು