ಬಾಗಿಲು ತೆರೆದಿಟ್ಟ ಕಾರು

ಕಾಪುವಿನ ಕಡಲ ತೀರದಲ್ಲಿ ಗಟ್ಟಿ ಮರಳು ನೋಡಿ ಕಾರು ನಿಲ್ಲಿಸಿದ ಬ್ಯಾಪ್ಟಿಸ್ಟ್, ನಾಲ್ಕೂ ಬಾಗಿಲು ತೆರೆದಿಟ್ಟು ಒಳಗೆ ತಲೆ ಹಾಕಿ ಮೂಸಿದ. ಪೆಟ್ರೋಲ್. ಸುತ್ತು ಬಂದು ಆಚೆ ಬಾಗಿಲಿನಿಂದ ಮೂಸಿದ. ಅಲ್ಲಿ ಮಾತ್ರ ಮಲ್ಲಿಗೆ ಬರುತ್ತದೆಯೇ? ಅಲ್ಲೂ ಪೆಟ್ರೋಲೇ. ಹಿಂದಿನ ಸೀಟನ್ನು ಕಳಚಿ ಬಿಸಿಲಿಗೆ ಹಾಕಿದ್ದ. ತೆಂಗಿನ ನೆರಳು ಹತ್ತಿರ ಬಂದಾಗಲೆಲ್ಲ ಅದನ್ನು ಎಳೆದೆಳೆದು ಸರಿಸುತ್ತಿದ್ದ.

ಬಲೆ ಸರಿಮಾಡುತ್ತ ಕೂತಿದ್ದ ಕೂಸಪ್ಪ ಎದ್ದು ಬಂದ. “ಎಂತ ಬ್ಯಾಪ್ಟಿಸ್ಟ್ ಪೊರ್ಬುಗಳೇ, ಕಾರಿಗೆ ಗಾಳಿ ಸೇವನೆಯಾ?”

“ನಗಬೇಡ ಮಾರಾಯ. ಕಾರ್ಕಳದ ದಾರಿಗೆ ಇರಲಿ ಅಂತ ಒಂದು ಡಬ್ಬ ಪೆಟ್ರೋಲ್ ಹಿಂದೆ ಇಟ್ಟಿದ್ದೆ. ಬೆಳ್ಮಣ್ಣಿನ ತಿರುವಿನಲ್ಲಿ ಮಗುಚಿತು. ಸೀಟು ಪೂರಾ ಕುಡಿದು ಕೂತಿದೆ. ನಾಡಿದ್ದು ಕಾರ್ಕಳದ ಇಗರ್ಜಿಯಲ್ಲಿ ಝೀಟಾಳ ಮದುವೆ.”

ಕೂಸಪ್ಪನ ನಗು ನಿಂತಿತು. ಬ್ಯಾಪ್ಟಿಸ್ಟನ ಒಬ್ಬಳೇ ಮಗಳಿಗೆ ಪೆಟ್ರೋಲ್ ವಾಸನೆ ಆಗುವುದಿಲ್ಲವೆಂದು ಊರಿಗೇ ಗೊತ್ತು. ಆರು ವರ್ಷದವಳಿದ್ದಾಗ ಅಪ್ಪನ ಕಾರಿನಲ್ಲಿ ವಾಂತಿ ಮಾಡಿದ್ದೇ ಕೊನೆ, ಮತ್ತೆ ಹತ್ತಿದವಳಲ್ಲ. ಬಾಡಿಗೆ ಮುಗಿಸಿ ಮನೆಗೆ ಬಂದ ಅಪ್ಪನ ಅಂಗಿಯ ವಾಸನೆಗೂ ಮೂಗು ಮುಚ್ಚಿ ಓಡುತ್ತಿದ್ದಳು. ಎಷ್ಟೋ ಮನೆಗಳ ಮದುಮಗಳನ್ನು ಇಗರ್ಜಿಗೆ ಮುಟ್ಟಿಸಿದ ಮನುಷ್ಯನಿಗೆ ಸ್ವಂತ ಮಗಳನ್ನು ಒಂದು ಫರ್ಲಾಂಗು ಕೂರಿಸಿಕೊಂಡು ಹೋಗುವ ಯೋಗವಿರಲಿಲ್ಲ. ನಿಶ್ಚಿತಾರ್ಥದ ದಿನ ಅವಳೇ ಹೇಳಿದ್ದಳು: “ಮದುವೆಗೆ ನಿಮ್ಮ ಕಾರಿನಲ್ಲೇ ಬರುತ್ತೇನೆ ಪಪ್ಪಾ. ಎಂತ ಬೇಕಾದರೂ ಆಗಲಿ.” ಮದುವೆಯಾದ ವಾರಕ್ಕೆ ಗಂಡ ಲಿಯೋನೆಲ್‌ನ ಜೊತೆ ಮುಂಬಯಿಗೆ ಹೊರಡುವವಳು. ಇನ್ನೊಂದು ಅವಕಾಶ ಎಲ್ಲಿಂದ ಬರಬೇಕು? ಗಂಡಿನ ಕಡೆಯವರು ಮಣಿಪಾಲದಿಂದ ಕಾರು ಕಳಿಸುತ್ತೇವೆಂದರೆ, ಬೇಡವೇ ಬೇಡ ಎಂದು ಎದೆಯುಬ್ಬಿಸಿ ಹೇಳಿ ಬಂದವನೂ ಇವನೇ.

ಇದ್ದಿಲು ತುಂಬಿದ ಬುಟ್ಟಿ ಇಟ್ಟದ್ದಾಯಿತು. ಕಾಫಿಪುಡಿ ಉದುರಿಸಿದ್ದಾಯಿತು. ಲಿಂಬೆಹಣ್ಣಿನ ಹೋಳಿನಿಂದ ಉಜ್ಜಿದ್ದೂ ಆಯಿತು. ಹೆಂಡತಿ ಜೆರ್ಟ್ರೂಡ್ ಕೆಂಡದ ಮೇಲೆ ಸಾಂಬ್ರಾಣಿ ಹಾಕಿಕೊಂಡು ಕಾರಿನ ಕಡೆ ಬಂದಾಗ ಮಾತ್ರ ಬ್ಯಾಪ್ಟಿಸ್ಟ್ ಕೂಗಿಕೊಂಡ. “ಅಯ್ಯೋ ಮಾರಾಯ್ತಿ, ಮದುವೆಗೆ ಮೊದಲು ನಮ್ಮ ಗೋರಿ ತೋಡಿಸುತ್ತೀಯಾ?”

ಮರುದಿನವೂ ಕಾರು ಕಡಲಿಗೆ ಮುಖ ಮಾಡಿ ನಿಂತಿತು. ಅವನು ಸ್ಟೇರಿಂಗಿನ ಮುಂದೆ ಕೂತು ಕಣ್ಣು ಮುಚ್ಚಿದ. ಗಾಳಿ ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು. ಕಾರು ಮೆಲ್ಲನೆ ನೀರಿಗಿಳಿದು ತೇಲುತ್ತಿದೆ, ಹಿಂದೆ ಆರು ವರ್ಷದ ಝೀಟಾ ಕಾಲು ಅಲ್ಲಾಡಿಸುತ್ತ ಕೂತಿದ್ದಾಳೆ, ಅವಳಿಗೆ ಏನೂ ಆಗುತ್ತಿಲ್ಲ ಎಂದೆಲ್ಲ ಅನ್ನಿಸಿತು. ಕಣ್ಣು ಬಿಟ್ಟು ಮೂಸಿದರೆ ವಾಸನೆ ಮುಕ್ಕಾಲು ಪಾಲು ಹೋಗಿತ್ತು. ಕುಣಿಯುವಷ್ಟು ಖುಷಿಯಾಯಿತು.

ಆ ಸಂಜೆ ಮನೆಯಲ್ಲಿ ರೋಸ್, ಮದುವೆಯ ಮುನ್ನಾದಿನದ ಶಾಸ್ತ್ರ. ಹೆಂಗಸರು ಹಾಡುತ್ತ ಝೀಟಾಳ ತಲೆಗೆ, ಕೈಕಾಲಿಗೆ ತೆಂಗಿನ ಹಾಲು ಹಚ್ಚಿದರು. ಬೋಗುಣಿಯಲ್ಲಿ ಅರ್ಧ ಹಾಲು ಉಳಿಯಿತು. ಹುಡುಗಿತನವನ್ನೇ ತೊಳೆದು ಕಳಿಸುವ ಹಾಲು ಇಷ್ಟು ಪೆಟ್ರೋಲನ್ನು ತೊಳೆಯದೇ ಎಂದುಕೊಂಡ ಜೆರ್ಟ್ರೂಡ್, ಯಾರಿಗೂ ಹೇಳದೆ ಅದನ್ನೆಲ್ಲ ಸೀಟಿಗೆ ಸುರಿದು ಉಜ್ಜಿದಳು. ಸೆಕೆಯ ದಿನಗಳು ಬೇರೆ.

ಬೆಳಿಗ್ಗೆ ಬಾಗಿಲು ತೆರೆದ ಬ್ಯಾಪ್ಟಿಸ್ಟ್ ಎರಡು ಹೆಜ್ಜೆ ಹಿಂದೆ ಸರಿದ. ಹುಳಿತ ಹಾಲು, ಅದರಡಿಯಲ್ಲಿ ಪೆಟ್ರೋಲ್. ಹೆಂಡತಿಯನ್ನು ಬೈಯಲೂ ಅವನಿಗೆ ಶಕ್ತಿ ಬರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ. “ಮಣಿಪಾಲದ ಕಾರಿಗೇ ಹೇಳಿ ಕಳಿಸುವ,” ಎಂದ.

ಬಿಳಿ ಸೀರೆಯುಟ್ಟ ಝೀಟಾ ಹೊರಗೆ ಬಂದು, ಕಾರಿನೊಳಗೆ ಬಗ್ಗಿ ನೋಡಿ, ಮೂಗು ಹಿಡಿದುಕೊಂಡು ನಕ್ಕಳು. “ಇದು ಮಮ್ಮಿಯ ಕೆಲಸ ಅಲ್ವಾ? ಹಿಂದೆ ಮಮ್ಮಿಯೇ ಕೂರಲಿ. ನಾನು ಮುಂದೆ, ನಿಮ್ಮ ಹತ್ತಿರ.”

“ಮದುಮಗಳು ಡ್ರೈವರನ ಪಕ್ಕ ಕೂರುವುದುಂಟಾ?” ಎಂದಳು ಜೆರ್ಟ್ರೂಡ್.

“ಡ್ರೈವರ್ ಯಾರ ಅಪ್ಪ?”

ಎತ್ತಿನ ಗಾಡಿಯ ಹಾಗೆ ಹೋದರು. ಝೀಟಾ ಒಂದು ತುಂಡು ಶಂಕರಪುರ ಮಲ್ಲಿಗೆಯನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಶಿರ್ವ ದಾಟಿತು. ಅವಳ ಮುಖ ಸೀರೆಯಷ್ಟೇ ಬಿಳಿಯಾಗಿತ್ತು. ಬೆಳ್ಮಣ್ಣಿನ ತಿರುವಿನಲ್ಲಿ ಅಪ್ಪನ ತೋಳು ಹಿಡಿದಳು. ಅವನು ನಿಲ್ಲಿಸಿದ. ಇಳಿದು, ಸೆರಗು ಎತ್ತಿ ಹಿಡಿದು, ರಸ್ತೆ ಬದಿಯಲ್ಲಿ ವಾಂತಿ ಮಾಡಿದಳು.

“ಸಾಕು ಮಗಾ. ಬೇರೆ ಏನಾದರೂ ವ್ಯವಸ್ಥೆ ಮಾಡುವ,” ಎಂದ ಬ್ಯಾಪ್ಟಿಸ್ಟ್, ಬಾಟಲಿಯ ನೀರು ಅವಳ ಕೈಗೆ ಸುರಿಯುತ್ತ.

ಅವಳು ಬಾಯಿ ಮುಕ್ಕಳಿಸಿ ಮತ್ತೆ ಬಂದು ಮುಂದೆಯೇ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವನ ಭುಜಕ್ಕೆ ತಲೆ ಆನಿಸಿ ಹೇಳಿದಳು. “ಮುಂಬಯಿಯಲ್ಲಿ ಎಲ್ಲಿ ಹೋದರೂ ಪೆಟ್ರೋಲ್ ವಾಸನೆಯಂತೆ, ಪಪ್ಪಾ. ಅದು ಬಂದಾಗಲೆಲ್ಲ ನೀವು ಮನೆಗೆ ಬಂದಿರಿ ಅಂದುಕೊಳ್ಳುತ್ತೇನೆ. ಇನ್ನು ಓಡುವುದಿಲ್ಲ.”

ಬ್ಯಾಪ್ಟಿಸ್ಟನಿಗೆ ರಸ್ತೆ ಮಸುಕಾಯಿತು. ಕಾರ್ಕಳದ ಇಗರ್ಜಿಯ ಗಂಟೆ ಕೇಳಿಸುವವರೆಗೂ ಅವನು ಗೇರ್ ಬದಲಿಸಲಿಲ್ಲ.

ಸಂಜೆ ಗಂಡ ಹೆಂಡತಿ ಇಬ್ಬರೇ ಹಿಂದಿರುಗಿದರು. ಕಾಪು ಹತ್ತಿರವಾದಂತೆ ಕಡಲ ಗಾಳಿ ಕಾರಿನೊಳಗೆ ನುಗ್ಗತೊಡಗಿತು. ಪಕ್ಕದ ಸೀಟಿನಲ್ಲಿ ಮಲ್ಲಿಗೆಯ ತುಂಡು ಬಾಡಿ ಬಿದ್ದಿತ್ತು. ಬ್ಯಾಪ್ಟಿಸ್ಟ್ ರಸ್ತೆ ಬದಿಗೆ ನಿಲ್ಲಿಸಿ, ಮುಂದಿನ ಎರಡೂ ಕಿಟಕಿಯ ಗಾಜುಗಳನ್ನು ಏರಿಸಿದ.

“ಈ ಸೆಕೆಗೆ, ಈ ವಾಸನೆಯಲ್ಲಿ, ಎಂತಕ್ಕೆ ಮುಚ್ಚುವುದು?” ಎಂದಳು ಜೆರ್ಟ್ರೂಡ್ ಹಿಂದಿನಿಂದ.

ಅವನು ಬಾಡಿದ ಮಲ್ಲಿಗೆಯ ತುಂಡನ್ನು ಎತ್ತಿ ಮೂಸಿ, ಸ್ಟೇರಿಂಗಿನ ಮುಂದೆ ಇಟ್ಟ. ಅದನ್ನು ಕಂಡ ಅವಳು, ಕೈ ಚಾಚಿ ತನ್ನ ಪಕ್ಕದ ಗಾಜನ್ನೂ ತಿರುವಿ ಮೇಲೇರಿಸಿದಳು.