ಹೆಣ್ಣಿನ ಪಟ್ಟಿ

ಹಿಂಡು ಬಿಟ್ಟು ಹೊರಟ ಎಳೆಯ ಗಂಡು ಜಿಂಕೆ ಎಲ್ಲಿ ಹೋಗಿ ನೆಲೆ ನಿಲ್ಲುತ್ತದೆ ಎಂದು ತಿಳಿಯುವುದು ನಮ್ಮ ಕಚೇರಿಯ ಕೆಲಸ. ಕತ್ತಿಗೆ ಕಟ್ಟಿದ ಪಟ್ಟಿ ದಿನಕ್ಕೊಮ್ಮೆ, ಬೆಳಿಗ್ಗೆ ಆರಕ್ಕೆ, ತಾನಿರುವ ಜಾಗ ತಿಳಿಸುತ್ತದೆ. ನಾನು ನಕ್ಷೆಯಲ್ಲಿ ಚುಕ್ಕಿ ಇಡುತ್ತೇನೆ.

ಬೆದೆಗಾಲದಲ್ಲಿ ಗಂಡಿನ ಕತ್ತು ಊದುತ್ತದೆ. ಹಾಗಾಗಿ ಗಂಡಿಗೆ ಹಿಗ್ಗುವ ಪಟ್ಟಿ, ಹೆಣ್ಣಿಗೆ ಹಿಗ್ಗದ ಪಟ್ಟಿ. ಕಳೆದ ವರ್ಷ ಹಿಗ್ಗುವವು ಮುಗಿದಿದ್ದವು. ಕಾಡಿನ ಕೆಲಸಕ್ಕೆ ಹೋಗುವ ನನ್ನ ತಮ್ಮನ ಮಗಳು, ಕೊಂಬು ಮೂಡದ ಒಂದು ಗಂಡುಮರಿಗೆ ಹೆಣ್ಣಿನ ಪಟ್ಟಿಯನ್ನೇ ಬಿಗಿದಳು.

"ಇನ್ನೂ ಚಿಕ್ಕದಲ್ವಾ ಅತ್ತೆ, ಆಮೇಲೆ ಬದಲಾಯಿಸಿದ್ರಾಯ್ತು" ಅಂದಿದ್ದಳು.

ಈ ವರ್ಷ ಬೆದೆಗಾಲ ಬಂತು, ಅದು ಹಿಂಡು ಬಿಟ್ಟಿತು. ಊದುವ ಕತ್ತನ್ನು ಪಟ್ಟಿ ಬಿಗಿಯುವ ಮೊದಲೇ ಬಿಚ್ಚಬೇಕೆಂದು ಹನ್ನೊಂದು ದಿನ ಅವಳು ಬೆನ್ನಟ್ಟಿದಳು. ಚುಕ್ಕಿಯ ಜಾಗಕ್ಕೆ ಜೀಪು ತಲುಪುವಷ್ಟರಲ್ಲಿ ಅದು ಮುಂದಿನ ಗುಡ್ಡ ದಾಟಿರುತ್ತಿತ್ತು. ಅವಳು ಅಂಗಿಯ ಕತ್ತಿನ ಗುಂಡಿ ಹಾಕುವುದನ್ನೇ ಬಿಟ್ಟಳು.

"ನೀವು ಉಪವಾಸ ಬಿದ್ರೆ ಅದರ ಕತ್ತು ಸಣ್ಣ ಆಗುತ್ತಾ ಮೇಡಂ?" ಎನ್ನುತ್ತ ಜೀಪಿನ ಚಾಲಕ ತನ್ನ ಬ್ರೆಡ್ಡಿನಲ್ಲಿ ಅರ್ಧ ಕೊಡುತ್ತಿದ್ದ.

ಆಮೇಲೆ ಜೀಪು ರಿಪೇರಿಯಲ್ಲಿದ್ದ ಮೂರು ದಿನ ಚುಕ್ಕಿ ಒಂದೇ ಕಡೆ ನಿಂತಿತು. ಪಟ್ಟಿ ಕಳಚಿ ಬಿದ್ದಿರಬೇಕು, ಇಲ್ಲವೇ ಜಿಂಕೆ ಸತ್ತಿರಬೇಕು. ಪ್ರಾಣಿವೈದ್ಯರ ಜೊತೆ ನಾನೂ ಜೀಪು ಹತ್ತಿದೆ.

ಚುಕ್ಕಿ ನಿಂತಿದ್ದ ಜಾಗ ಎತ್ತರದ ಗೋಡೆಯಿದ್ದ ಒಂದು ಮರದ ಡಿಪೊ. ದಿಮ್ಮಿಗಳ ಸಂದಿಯಲ್ಲಿ ಜಿಂಕೆ ಬಾಯಿ ತೆರೆದು ನಿಂತಿತ್ತು.

"ನಿಮ್ಮದಾ ಇದು?" ಎಂದ ಕಾವಲುಗಾರ. "ಹೆದರಬಾರ್ದು ಅಂತ ಗರಗಸ ನಿಲ್ಸಿದೀನಿ. ಯಜಮಾನ್ರಿಗೆ ಕರೆಂಟಿಲ್ಲ ಅಂತ ಹೇಳ್ತಾ ಇದೀನಿ, ಮೂರು ದಿನದಿಂದ. ಗುಡ್ಡದ ಕಡೆ ಬಾಗಿಲು ತೆಗೆದಿಟ್ಟಿದೀನಿ, ಆದ್ರೂ ಹೋಗಲ್ಲ."

ವೈದ್ಯರು ಮಂಪರಿನ ಸೂಜಿ ಹೊಡೆದರು. ಚರ್ಮದೊಳಗೆ ಹೂತಿದ್ದ ಪಟ್ಟಿಯನ್ನು ಅವಳೇ ಕತ್ತರಿಸಿದಳು.

"ಹಿಗ್ಗೋ ಪಟ್ಟಿ ತಂದಿದೀರಲ್ಲ, ಹಾಕ್ಬಿಡೋಣ್ವಾ?" ಎಂದರು ವೈದ್ಯರು. ಹಾಕದಿದ್ದರೆ ಅದು ಎಲ್ಲಿ ನೆಲೆಸಿತೆಂದು ಎಂದೂ ತಿಳಿಯುವುದಿಲ್ಲ. ಅವಳ ವರ್ಷದ ದುಡಿಮೆ ವ್ಯರ್ಥವಾಗುತ್ತದೆ.

ಅವಳು ಗಾಯವನ್ನು ನೋಡಿದಳು. "ಬೇಡ ಸಾರ್."

ಜಿಂಕೆ ಎದ್ದಿತು. ಬಾಗಿಲಿನವರೆಗೆ ಹೋಗಿ, ಮರಳಿ ಅದೇ ಸಂದಿಗೆ ಸೇರಿಕೊಂಡಿತು. ಸಂಜೆಯವರೆಗೆ ಕಾದೆವು.

"ನೀವಿದ್ರೆ ಅದು ಹೊರಡಲ್ಲಮ್ಮ" ಎಂದ ಕಾವಲುಗಾರ. "ಹೋಗಿ. ಬಾಗಿಲು ನಾನು ಮುಚ್ಚಲ್ಲ."

"ಹೋಗುತ್ತೆ ಅಲ್ವಾ ಅತ್ತೆ?" ಎಂದಳು ಜೀಪಿನಲ್ಲಿ. ನಾನು ಅವಳ ಕೈ ಹಿಡಿದುಕೊಂಡೆ. ಚಾಲಕ ಎಂಜಿನ್ ಶುರು ಮಾಡದೆ, ಬ್ರೇಕು ಬಿಟ್ಟು, ಜೀಪನ್ನು ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಲು ಬಿಟ್ಟ.