ವಾಲಿಕಾರನ ಮಾತು

"ಸತ್ತ ಸ್ಥಳ ಯಾವುದಂತ ಬರೀಲಿ, ಲಕ್ಕಪ್ಪಣ್ಣ?"

ಮಲ್ಲಿಕಾ ಮೇಡಂ ಕೇಳಿದ್ದು ಇದು ಮೂರನೆಯ ಸಲ. ಹಾನಗಲ್ಲಿನಿಂದ ಸ್ಕೂಟಿಯ ಮೇಲೆ ಬಂದು ಮೂರು ಊರಿನ ಆಡಳಿತ ನೋಡುವ ಹುಡುಗಿ ಅವಳು. ಪೆನ್ನು ಆ ಕಾಲಮಿನ ಮೇಲೆ ಬಂದು ನಿಂತಿತ್ತು. ಎದುರಿಗೆ ಲಕ್ಕಪ್ಪ ರುಮಾಲನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡು ನಿಂತಿದ್ದ.

ಕೆಂಚನಹಾಳದಲ್ಲಿ ಸಾವು ಎಂದರೆ ಮೂವತ್ತೊಂದು ವರ್ಷದಿಂದ ಲಕ್ಕಪ್ಪನ ಬಾಯಿಮಾತೇ. ಅವನು ಊರಿನ ವಾಲಿಕಾರ. ಡಂಗುರ ಸಾರುವುದು, ನೋಟೀಸು ಮುಟ್ಟಿಸುವುದು, ಪಂಚನಾಮೆಗೆ ಐದು ಜನರನ್ನು ಹೊಲದಿಂದ ಹಿಡಿದು ತರುವುದು, ಯಾರ ಮನೆಯಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಹೋಯಿತು ಎಂದು ಚಾವಡಿಗೆ ಬಂದು ಹೇಳುವುದು, ಎಲ್ಲ ಅವನದೇ. "ಗುಡದಪ್ಪ ನಿನ್ನಿ ಸಂಜಿಮುಂದ ಹ್ವಾದ್ರಿ" ಎಂದನೆಂದರೆ ಮುಗಿಯಿತು, ಗುಡದಪ್ಪ ಸರಕಾರದ ಪಾಲಿಗೂ ಹೋದ. ಎಷ್ಟೋ ಸಲ ಹೆಣದ ಮುಖವನ್ನೇ ನೋಡದೆ ಹೇಳಿದ್ದೂ ಉಂಟು. ಒಬ್ಬ ಸಾಹೇಬನೂ ಪುರಾವೆ ಕೇಳಿದವನಲ್ಲ. ಈಗ ತನ್ನ ಒಬ್ಬನೇ ಮಗನ ಸಾವು ಬರೆಸಲು ಬಂದರೆ ಪೆನ್ನು ಮುಂದೆ ಹೋಗುತ್ತಿಲ್ಲ.

"ಕಾಗದದಾಗ ಐತೆಲ್ರಿ ಮೇಡಂರ, ಶಿಕ್ಕಾ ಸೈತ ಹೊಡದಾರ" ಎಂದ.

ಮಲ್ಲಿಕಾ ಕಡಲಾಚೆಯಿಂದ ಬಂದ ಆ ಕಾಗದವನ್ನು ಬೆಳಕಿಗೆ ಹಿಡಿದಳು. ಬಲದಿಂದ ಎಡಕ್ಕೆ ಬರೆಯುವ ಅಕ್ಷರ, ಕೆಳಗೆ ಹಸಿರು ಶಾಯಿಯ ದುಂಡನೆಯ ಮುದ್ರೆ.

"ಈ ಶಿಕ್ಕಾನ ತಕರಾರು. ಅಲ್ಲಿ ಆಳಾಕತ್ತವರಿಗೆ ಬಾವುಟ ಐತಿ, ಪೊಲೀಸರದಾರ, ಜೇಲು ಐತಿ. ಆದ್ರ ಅದನ್ನ ದೇಶ ಅಂತ ಯಾರೂ ಒಪ್ಪಿಲ್ಲ. ನಮ್ಮವರೂ ಒಪ್ಪಿಲ್ಲ. ಪರದೇಶದಾಗ ಸತ್ತವರನ್ನ ಅಲ್ಲಿರೋ ನಮ್ಮ ಕಚೇರಿಯವರು ಬರಕೋಬೇಕು. ದೇಶಾನ ಅಲ್ಲ ಅಂದಮ್ಯಾಗ ಅಲ್ಲಿ ನಮ್ಮ ಕಚೇರಿ ಎಲ್ಲಿಂದ ಬರಬೇಕು?"

"ಇಲ್ಲದ ದೇಶದಾಗ ಜ್ವರ ಮಾತ್ರ ಹೆಂಗ ಬಂತ್ರಿ?"

ಮಲ್ಲಿಕಾ ಕೆಟ್ಟವಳಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. "ಮ್ಯಾಲಿನವರಿಗೆ ಬರೀತೇನಿ. ಪತ್ರ ಬರಲಿ, ತಡೀರಿ" ಎಂದಳು.

ಲಕ್ಕಪ್ಪನ ಮಗ ಫಕ್ಕೀರೇಶ ಹುಬ್ಬಳ್ಳಿಯ ಖಾನಾವಳಿಯಲ್ಲಿ ರೊಟ್ಟಿ, ಪಲ್ಯ ಮಾಡಿಕೊಂಡಿದ್ದವ. ಮದುವೆಯಾದ ವರ್ಷವೇ ಯಾರದೋ ಮಾತು ಕೇಳಿ ಸರಕಿನ ಹಡಗಿನ ಅಡಿಗೆಯವನಾಗಿ ಹೋದ. ಆ ಹಡಗಿನ ಕಥೆಯೂ ಅಷ್ಟೇ. ಮಾಲಕ ಒಂದು ದೇಶದವ, ತುಂಬಿದ ಸರಕು ಇನ್ನೊಂದು ದೇಶದ್ದು, ಮೇಲೆ ಹಾರುತ್ತಿದ್ದ ಬಾವುಟ ಶಾಲೆಯ ನಕಾಶೆಯಲ್ಲಿ ಹುಡುಕಿದರೂ ಸಿಗದ ಯಾವುದೋ ನಡುಗಡ್ಡೆಯದು. ಯಾರೂ ದೇಶ ಎಂದು ಒಪ್ಪದ ಆ ನೆಲದ ಬಂದೂಕಿನವರು ಬಂದು ಹಡಗನ್ನು ತಮ್ಮ ದಂಡೆಗೆ ಎಳೆದುಕೊಂಡು ಹೋದಾಗ ಮೂವರಲ್ಲಿ ಯಾರೂ ನಮ್ಮ ಮಂದಿ ಎನ್ನಲಿಲ್ಲ. ಹನ್ನೊಂದು ತಿಂಗಳು ಅಲ್ಲಿ ಕೂಡಿ ಹಾಕಿದ್ದರು. ಒಂಬತ್ತನೆಯ ತಿಂಗಳಲ್ಲಿ ಫಕ್ಕೀರೇಶ ಜ್ವರದಿಂದ ಹೋದ.

ಇದನ್ನು ಹೇಳಿದವನು ಸವಣೂರಿನ ಇನಾಯತ. ಅದೇ ಹಡಗಿನಲ್ಲಿ ಕೂಲಿಯಾಗಿದ್ದು ಬಿಡುಗಡೆಯಾಗಿ ಬಂದವ, ಮನೆಗೆ ಹೋಗುವುದಕ್ಕಿಂತ ಮೊದಲು ಕೆಂಚನಹಾಳದ ಬಸ್ಸು ಹತ್ತಿದ್ದ. ಪಡಸಾಲೆಯಲ್ಲಿ ಕುಳಿತು ಕಾಗದ ಮುಂದಿಟ್ಟು, ತಲೆ ಎತ್ತದೆ ಹೇಳಿದ.

"ಕಾಕಾ, ಹೆಸರು ಕೇಳಿದ್ರು. ಫಕ್ಕೀರೇಶ ಅಂದೆ. ಫಕೀರ ಅಂತ ಬರಕೊಂಡ್ರು. ತಮ್ಮವನ ಅಂತ ತಿಳದು ನಮಾಜು ಓದಿ ಮಣ್ಣು ಕೊಟ್ರು. ನಾ ಅಲ್ಲ ಅನ್ನಲಿಲ್ಲ. ಅಲ್ಲ ಅಂದಿದ್ರ ಹೆಣ ಸಮುದ್ರಕ್ಕ ಒಗೀತಿದ್ರೋ ಏನೋ. ತಪ್ಪು ಮಾಡಿದೆನೇನ್ರಿ?"

"ನೀ ಮಣ್ಣು ಹಾಕಿದಿ?" ಎಂದ ಲಕ್ಕಪ್ಪ.

"ಮೂರು ಹಿಡಿ ಹಾಕೇನಿ."

"ಸಾಕು ಬಿಡಪ. ಮಣ್ಣಿಗೆ ಕೊಡೂದು ನಮ್ಮೊಳಗೂ ಐತಿ."

ಒಳಗೆ ಲಕ್ಕಪ್ಪನ ಹೆಂಡತಿ ಕರೆವ್ವ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮೂರು ಕೂಸು ಹುಟ್ಟಿ ಹುಟ್ಟಿ ಸತ್ತ ಮೇಲೆ ಶಿರಹಟ್ಟಿ ಫಕ್ಕೀರೇಶ್ವರನಿಗೆ ಹರಕೆ ಹೊತ್ತು, ನಾಲ್ಕನೆಯದಕ್ಕೆ ಅವನದೇ ಹೆಸರಿಟ್ಟವಳು ಅವಳು. ಹೆಸರೇ ಕಾಯುತ್ತದೆ ಎಂದು ನಂಬಿದ್ದಳು. ಕಾಯಿತು ಕೂಡ, ಹೆಣವನ್ನು.

ಮೂರನೆಯ ದಿನ ಓಣಿಯ ಹೆಂಗಸರು ಬಂದು ಸೊಸೆ ಶೈಲಾಳ ಬಳೆ ತೆಗೆದು ಕುಂಕುಮ ಒರೆಸಿದರು. ಇಪ್ಪತ್ತಮೂರು ವರ್ಷದ ಹುಡುಗಿ. ಗಂಡನೊಡನೆ ಬಾಳಿದ್ದು ನಾಲ್ಕು ತಿಂಗಳು. ತಿಂಗಳೊಪ್ಪತ್ತು ಕಳೆದ ಮೇಲೆ ಅವಳ ಅಣ್ಣ ಮೈಲಾರಲಿಂಗ ಚಿಕ್ಕೇರೂರಿನಿಂದ ಬಂದ. ಹಂಸಭಾವಿಯಲ್ಲಿ ಹೆಂಡತಿ ಸತ್ತ ಒಬ್ಬ ಒಳ್ಳೆಯ ಮನುಷ್ಯನಿದ್ದಾನೆ, ಶೈಲಾಳನ್ನು ಉಡಿಕೆ ಮಾಡಿಕೊಳ್ಳಲು ತಯಾರಿದ್ದಾನೆ ಎಂದು ಅಂಜುತ್ತ ಹೇಳಿದ. ಅವರಲ್ಲಿ ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಕುಲದ ಹಿರಿಯರು ಕೂಡಿ ಒಪ್ಪಬೇಕು.

"ಹೆಣ ನೋಡಿಲ್ಲ, ನಾಳಿ ಅಂವಾ ಬಂದು ನಿಂತ್ರ ಯಾರು ಜವಾಬ್ದಾರಿ ಅಂತಾರ್ರಿ ಹಿರ್ಯಾರು" ಎಂದ ಮೈಲಾರಲಿಂಗ. "ಸರಕಾರದ್ದು ಯಾವುದರ ಒಂದು ಕಾಗದದಾಗ ಮೃತ ಅಂತ ಬರೆದಿರಲಿ, ಸಾಕಂತ. ಆ ಮನುಷ್ಯಾ ಉಗಾದಿತನಕ ತಡೀತೇನಿ ಅಂದಾನ."

ಲಕ್ಕಪ್ಪ ಸೊಸೆಯ ಕಡೆ ನೋಡಿದ. ಅವಳು ಜೋಳ ಹಸನು ಮಾಡುತ್ತ ಇದ್ದವಳು ಕೈ ನಿಲ್ಲಿಸಿದ್ದಳು. ಈ ಹುಡುಗಿ ತನ್ನ ಮನೆಯಲ್ಲಿ ಒಣಗಿ ಹೋಗಬಾರದು ಎಂದು ಅವನಿಗೆ ಅನ್ನಿಸಿತು, ಮಗ ಸತ್ತ ಸಂಕಟಕ್ಕಿಂತ ಅದೇ ಹೆಚ್ಚು ಸುಟ್ಟಿತು. "ಊರ ಮಂದಿ ಸಾವೆಲ್ಲಾ ನಾನ ಬರಿಸೇನಿ. ಇದೊಂದು ಬರಿಸಲಾರೆನೇನು? ಕಾಗದ ತಂದು ಕೈಯಾಗ ಇಡ್ತೇನಿ, ಶೈಲಾ. ಆಮ್ಯಾಲೆ ನಿಮ್ಮ ಅಣ್ಣನ ಸಂಗಾಟ ಹೋಗು, ನಮ್ಮವ್ವಾ" ಎಂದುಬಿಟ್ಟ.

ಆಡಿದ್ದೇನೋ ಆಡಿದ. ಆಮೇಲೆ ತಿರುಗಿದ್ದೂ ತಿರುಗಿದ. ಹಾನಗಲ್ಲು, ಹಾವೇರಿ, ಮತ್ತೆ ಹಾನಗಲ್ಲು. ಒಂದು ಕಡೆ ಇದು ಹಡಗಿನ ಬಾವುಟದ ದೇಶದವರು ನೋಡುವ ಕೆಲಸ ಎಂದರು. ಇನ್ನೊಂದು ಕಡೆ ನೆಲದ ಮೇಲೆ ಸತ್ತಿದ್ದಾನೆ, ಬಾವುಟಕ್ಕೇನು ಸಂಬಂಧ ಎಂದರು. ಬಸ್ಸಿಗಾಗಿ ಆಡೂರಿನಲ್ಲಿ ಕಾಯುವಾಗ ಅಲ್ಲಿನ ಹಳೆಯ ಶಾಸನದ ಕಡೆ ಅವನ ಕಣ್ಣು ಹೋಗುತ್ತಿತ್ತು. ಯಾವನೋ ಅರಸ ಭೂಮಿ ಬಿಟ್ಟುಕೊಟ್ಟೆ ಎಂದು ಕಲ್ಲಿನಲ್ಲಿ ಕೆತ್ತಿಸಿ ಸತ್ತ. ಆ ಅರಸನೂ ಇಲ್ಲ, ರಾಜ್ಯವೂ ಇಲ್ಲ, ಆದರೂ ಮಾಸ್ತರರು ಹುಡುಗರನ್ನು ಕರೆತಂದು ಇದು ಖರೆ ಎಂದು ಓದಿಸುತ್ತಾರೆ. ತನ್ನ ಕಾಗದದ ಶಾಯಿ ಇನ್ನೂ ಮಾಸಿಲ್ಲ, ಅದು ಸುಳ್ಳು. ಲಕ್ಕಪ್ಪನಿಗೆ ನಗು ಬಂತು.

ಪತ್ರ ಬಂದದ್ದು ಶಿವರಾತ್ರಿಯ ಮರುದಿನ. ಮಲ್ಲಿಕಾ ಮೇಡಂ ಕೊಟ್ಟು, "ಮನ್ಯಾಗ ಓದ್ರಿ" ಎಂದಷ್ಟೇ ಹೇಳಿ ಸ್ಕೂಟಿ ಹತ್ತಿದಳು. ಲಕ್ಕಪ್ಪ ಮನೆಗೆ ಬಂದು ಪಡಸಾಲೆಯಲ್ಲಿ ನಿಂತೇ ಓದಿದ. ಸರಕಾರದ ಕಾಗದವನ್ನು ಕುಳಿತು ಓದಿ ಅವನಿಗೆ ರೂಢಿಯಿಲ್ಲ. ಡಂಗುರದ ಧ್ವನಿಯೇ ಬಂತು.

"ಸದರಿ ಪ್ರದೇಶವನ್ನು ರಾಷ್ಟ್ರವೆಂದು ಮಾನ್ಯ ಮಾಡಿರುವುದಿಲ್ಲವಾದ್ದರಿಂದ, ಅಲ್ಲಿನ ಆಡಳಿತವು ನೀಡಿದೆ ಎನ್ನಲಾದ ಮರಣ ಪತ್ರವನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಸದರಿಯವರ ಮರಣವು ದೃಢಪಟ್ಟಿರುವುದಿಲ್ಲ. ಏಳು ವರ್ಷಗಳವರೆಗೆ ಯಾವುದೇ ಮಾಹಿತಿ ಲಭ್ಯವಾಗದಿದ್ದಲ್ಲಿ ನ್ಯಾಯಾಲಯದ ಮೂಲಕ ಮುಂದಿನ ಕ್ರಮ ಕೈಗೊಳ್ಳಬಹುದು."

"ಅಂದ್ರೇನು?" ಎಂದಳು ಕರೆವ್ವ.

ಊರಿನಲ್ಲಿ ಯಾರ ಮನೆಯ ನೋಟೀಸು ಓದಿದರೂ ಜನ ಕೇಳುವುದು ಇದನ್ನೇ. ಅವನು ಅದನ್ನು ಆಡುಮಾತಿಗೆ ಇಳಿಸಿ ಹೇಳುವುದೂ ರೂಢಿಯೇ. ಸೋತು ಹೋಗಿದ್ದ ಲಕ್ಕಪ್ಪ ಹೆಚ್ಚು ವಿಚಾರ ಮಾಡಲಿಲ್ಲ.

"ಸರಕಾರದ ಪರಕಾರ ಅಂವಾ ಸತ್ತಿಲ್ಲ. ಏಳು ವರ್ಷ ತಡೀಬೇಕಂತ."

ಮಾತು ಬಾಯಿಂದ ಜಾರಿದ ಮೇಲೆ ಅವನಿಗೆ ಗೊತ್ತಾಯಿತು. ಕರೆವ್ವ ಎದ್ದು ನಿಂತಿದ್ದಳು. ಮುಖದಲ್ಲಿ ನಾಲ್ಕು ತಿಂಗಳಿಂದ ಕಾಣದ ಕಳೆ. ಸೋಮವಾರ ಕಾಲುವೆಗೆ ನೀರು ಬಿಡ್ತಾರ ಎಂದು ಈ ಗಂಡಸು ಸಾರಿದರೆ ಸೋಮವಾರ ನೀರು ಬಂದಿದೆ. ನಾಳೆ ಕರೆಂಟು ಇರೂದಿಲ್ಲ ಎಂದರೆ ಇದ್ದಿಲ್ಲ. ಮೂವತ್ತೊಂದು ವರ್ಷದಲ್ಲಿ ಸರಕಾರದ ಮಾತು ಇವನ ಬಾಯಲ್ಲಿ ಬಂದು ಸುಳ್ಳಾದದ್ದು ಅವಳಿಗೆ ಗೊತ್ತಿಲ್ಲ.

"ಹಂಗಾರ ಏಳು ವರ್ಷಕ್ಕ ಬಿಡತಾರ" ಎಂದಳು.

"ಹಂಗಲ್ಲ, ಕೇಳಿಲ್ಲೆ..."

"ಶನಿ ಹಿಡದ್ರ ಸಾಡೇಸಾತಿ, ಏಳೂವರಿ ವರ್ಷ. ಇದು ಏಳ. ಅರ್ಧ ವರ್ಷ ಕಡಿಮಿನ ಆತಲ್ರಿ. ಆ ಸವಣೂರ ಹುಡುಗಗ ಏನ ಕಂಡೀತು, ಜ್ವರದ ಮಂಪರಿನಾಗ ಯಾರನ್ನ ನೋಡಿದ್ನೋ." ಅವಳು ಆಗಲೇ ಗಡಿಗೆಯಿಂದ ಬೆಲ್ಲ ತೆಗೆಯುತ್ತಿದ್ದಳು, ಓಣಿಗೆ ಹಂಚಲು.

ಶೈಲಾ ಕಂಬಕ್ಕೆ ಆತು ನಿಂತಿದ್ದಳು. ಅವಳು ಪಿಯುಸಿ ಓದಿದವಳು, ಪತ್ರದ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಮಾವಾರ, ನೀವು ಹಂಗ ಹೇಳಬಾರದಿತ್ತು" ಎಂದಳು.

ಮರುದಿನವೇ ಕರೆವ್ವ ಬಳೆಗಾರ ಹುಸೇನಸಾಬನನ್ನು ಕರೆಸಿದಳು. ಮುದುಕ ಪೆಟ್ಟಿಗೆ ಇಳಿಸಿ, ಬೋಳಾದ ಆ ಕೈ ನೋಡಿ, ಲಕ್ಕಪ್ಪನ ಮುಖ ನೋಡಿದ. ಲಕ್ಕಪ್ಪ ಹಿತ್ತಲಿಗೆ ಎದ್ದು ಹೋದ. ಅಲ್ಲಿಂದಲೇ ಕೇಳುತ್ತಿತ್ತು, ಒಂದೊಂದೇ ಬಳೆ ಮಣಿಕಟ್ಟು ದಾಟುವ ಸದ್ದು. ಎರಡೂ ಕೈ ತುಂಬ ಹಸಿರು ಬಳೆ ಇಡಿಸಿ, ಬಳೆಗಾರನಿಗೆ ನಮಸ್ಕಾರ ಮಾಡು ಎಂದಳು ಕರೆವ್ವ. ಶೈಲಾ ಬಗ್ಗಿ ನಮಸ್ಕಾರ ಮಾಡಿದಳು. ಹುಸೇನಸಾಬ ಮುತ್ತೈದೆಯರಿಗೆ ಹೇಳುವ ಹರಕೆಯ ಮಾತು ಹೇಳದೆ ಪೆಟ್ಟಿಗೆ ಕಟ್ಟಿಕೊಂಡ.

ಖರೆ ಹೇಳಬೇಕೆಂದು ಲಕ್ಕಪ್ಪ ದಿನಾ ಏಳುತ್ತಿದ್ದ. ಕರೆವ್ವ ದಿನಾ ಊಟ ಮಾಡತೊಡಗಿದ್ದಳು. ಹುಣ್ಣಿಮೆಗೆ ದೇವರ ಮಾಡದ ಪಕ್ಕದಲ್ಲಿ ಸುಣ್ಣದ ಒಂದು ಗೆರೆ ಎಳೆದು, "ಒಂದು ಹುಣ್ಣಿವಿ ಮುಗೀತು" ಎಂದಳು.

ಉಗಾದಿಗೆ ಆರು ದಿನ ಇದ್ದಾಗ ಅಂಗನವಾಡಿಯ ನೀಲಾಂಬಿಕಾ ಟೀಚರು ಮತದಾರರ ಪಟ್ಟಿ ಹಿಡಿದು ಬಂದರು. ಮನೆ ಮನೆಗೆ ಹೋಗಿ ಹೆಸರು ತಾಳೆ ನೋಡುವ ಕೆಲಸ. ವಾಲಿಕಾರ ಜೊತೆಗಿರಬೇಕು. ಬೆಳಿಗ್ಗೆಯಿಂದ ಲಕ್ಕಪ್ಪ ಮುಂದೆ, ಟೀಚರು ಹಿಂದೆ. ಅವನು ಹೇಳಿದ ಹಾಗೆ ಅವರು ಗುರುತು ಹಾಕುತ್ತ ಬಂದರು. ಹನ್ನೊಂದರ ಹೊತ್ತಿಗೆ ಅವನದೇ ಮನೆ ಬಂತು.

ಕರೆವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಶೈಲಾ ಟೀಚರಿಗೆ ನೀರು ತಂದುಕೊಟ್ಟು ಬಾಗಿಲಲ್ಲಿ ನಿಂತಳು.

"ಫಕ್ಕೀರೇಶ ಲಕ್ಕಪ್ಪ ವಾಲಿಕಾರ" ಎಂದು ಓದಿ ನೀಲಾಂಬಿಕಾ ಧ್ವನಿ ತಗ್ಗಿಸಿದರು. ಅವರು ಪಕ್ಕದ ಊರಿನವರು, ಸುದ್ದಿ ಎರಡೂ ಥರ ಕೇಳಿದ್ದರು. "ಇಲ್ಲಿ ಮೂರ ಕಾಲಂ ಅದಾವ್ರಿ, ಲಕ್ಕಪ್ಪ. ಅದಾರ, ಊರು ಬಿಟ್ಟಾರ, ಮೃತ. ಯಾವುದಕ್ಕ ಗುರುತು ಹಾಕಲಿ?"

ಲಕ್ಕಪ್ಪ ಪಟ್ಟಿಯ ಕಡೆ ಬಗ್ಗಿದ. "ಮೃತ ಅಂದ್ರ ಪುರಾವಿ ಬೇಕೇನ್ರಿ?"

"ಈಗ ಯಾತರ ಪುರಾವಿ? ಊರ ತುಂಬ ನೀವು ಹೇಳಿದ್ದ ಬರಕೊಂಡು ಬಂದೇನಲ್ರಿ. ನೀವಂದ್ರ ಸಾಕು. ಪಟ್ಟಿ ನಾಳಿ ಚಾವಡಿ ಗ್ವಾಡಿಗೆ ಹಚ್ತಾರ."

ಒಂದು ಮಾತು. ಸರಕಾರದ್ದು ಯಾವುದರ ಒಂದು ಕಾಗದದಾಗ, ಎಂದಿದ್ದ ಮೈಲಾರಲಿಂಗ. ಲಕ್ಕಪ್ಪ ತಲೆ ಎತ್ತಿದಾಗ ಶೈಲಾ ಅವನನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು.

"ಏನ ಕೇಳಾಕತ್ತಾರ?" ಎಂದಳು ಕರೆವ್ವ, ಶೇಂಗಾದ ಸಿಪ್ಪೆ ಉಡಿಯಿಂದ ಕೊಡವುತ್ತ. "ನಮ್ಮ ಫಕ್ಕೀರನ ಹೆಸರು ಓದಿದ್ರಲ್ಲ. ಬರಕೋರಿ ಟೀಚರ, ಅಡಿಗಿ ಕೆಲಸಕ್ಕ ಹೋಗ್ಯಾನ, ಬರ್ತಾನ."

ನೀಲಾಂಬಿಕಾ ಆಕೆಯ ಕಡೆ ನೋಡಲಿಲ್ಲ. ಲಕ್ಕಪ್ಪನ ಬಾಯನ್ನೇ ನೋಡುತ್ತಿದ್ದರು.

ಅವನು ಬಾಯಿ ತೆರೆದ. ಮಾತು ನಾಲಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಕರೆವ್ವ ಸುಲಿದ ಶೇಂಗಾವನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಮಗನಿಗೆ ಚಟ್ನಿ ಮಾಡಿ ಇಡುವ ಚೀನಿ ಮಣ್ಣಿನ ಭರಣಿಗೆ ಸುರಿಯುತ್ತಿದ್ದಳು.

"ಅದಾನ್ರಿ" ಎಂದ ಲಕ್ಕಪ್ಪ.

ಟೀಚರು ಗುರುತು ಹಾಕಿದರು. ಶೈಲಾ ಲೋಟ ತೆಗೆದುಕೊಳ್ಳಲು ಬಗ್ಗಿದಳು. ಸಪ್ಪಳವಾಗದಂತೆ ಬಳೆಗಳನ್ನು ಮೊಳಕೈ ಕಡೆಗೆ ಒತ್ತಿ ಏರಿಸಿಕೊಂಡು ಒಳಗೆ ಹೋದಳು.

ಲಕ್ಕಪ್ಪ ಮೆಟ್ಟಿಲು ಇಳಿದು ಬಾಜೂ ಮನೆಯ ಮುಂದೆ ನಿಂತ. ನೀಲಾಂಬಿಕಾ ಹಾಳೆ ಮಗುಚಿ, "ವೀರವ್ವ ಬಸಪ್ಪ ಕಮ್ಮಾರ" ಎಂದು ಓದಿದರು.

"ಆಕಿ ಹ್ವಾದ್ಳರಿ, ಹ್ವಾದ ದೀಪಾವಳಿ ಮುಂದ" ಎಂದ.

ಅವರು ಬರೆದುಕೊಂಡರು.